ಎರಡೂ ಬಾಜೂ ಕಾಣುವ ಮರೆ

ಮೊರಬದ ವಾಚನಾಲಯದ ಮೇಲಿನ ಕೋಣೆಯಲ್ಲಿ ಪ್ರತಿ ಬುಧವಾರ ಜೂಜು ನಡೆಯುತ್ತದೆ ಎಂದು ಹನಮಪ್ಪ ದೂರು ಕೊಟ್ಟ. ಎದುರಿನ ಮಾಳಿಗೆಯಿಂದ ಅವನು ಕಂಡದ್ದು ಇಷ್ಟು: ಒಂದು ಮೇಜು, ನಡುವೆ ಪರಾತವೆಂಬ ಅಗಲ ತಟ್ಟೆಯಲ್ಲಿ ಉರುಳುವ ದಾಳಗಳು, ಸುತ್ತ ಕುಳಿತು ಕೂಗುವ ಜನ, ಒಂದು ತುದಿಯಲ್ಲಿ ರಟ್ಟಿನ ಮರೆ, ಅದರ ಹಿಂದೆ ಬಸ್ ಕಂಡಕ್ಟರ್ ಸೀಮಾ. ಮರೆಯ ಒಳಮೈ ತುಂಬ ಅಂಕಿಗಳಿದ್ದವು. ಮಟ್ಕಾದ ಓಸಿ ಚಾರ್ಟ್ ಕಂಡಿದ್ದವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ದೂರಿನಲ್ಲಿದ್ದ ಸಂಗತಿಗಳೆಲ್ಲ ನಿಜ. ತೀರ್ಮಾನ ಮಾತ್ರ ತಪ್ಪು.

ಅದು ಕಥೆಯ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಮಂತ್ರವಾದಿ, ಕಳ್ಳ, ಕತ್ತಿ ಹಿಡಿದವನು ಹೀಗೆ ಒಂದೊಂದು ಪಾತ್ರ ಹೊತ್ತು, ಆ ಕಥೆಯೊಳಗೆ ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಕೆಲಸ ಕಷ್ಟದ್ದಾದರೆ ಇಪ್ಪತ್ತು ಮುಖದ ದಾಳ ಒಗೆಯಬೇಕು. ದೊಡ್ಡ ಅಂಕಿ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಪಣ ಕಟ್ಟುವುದಿಲ್ಲ. ಇಂಥ ಆಟ ನಡೆಸುವವರನ್ನು ಬೇರೆ ಕಡೆ ಗೇಮ್ ಮಾಸ್ಟರ್ ಎನ್ನುತ್ತಾರೆ. ಮೊರಬದಲ್ಲಿ ಕಂಡಕ್ಟರ್ ಎಂದರು. ಸೀಮಾ ಮೊದಲೇ ಕಂಡಕ್ಟರ್ ಆಗಿದ್ದರಿಂದ ಹೊಸ ಪದ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ತರಬೇತಿಗೆ ಹೋದಾಗ ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ ಜತೆಗಿದ್ದವಳೊಬ್ಬಳಿಂದ ಸೀಮಾ ಆ ಆಟ ಕಲಿತಿದ್ದಳು. ಊರಿಗೆ ಬಂದ ಮೇಲೆ ವಾರದ ರಜೆಯ ದಿನ, ಅಂದರೆ ಬುಧವಾರ, ಆಡಿಸತೊಡಗಿದಳು. ಸಾಮಾನುಗಳನ್ನು ಊರಲ್ಲೇ ಹೊಂದಿಸಿಕೊಂಡರು. ದರ್ಜಿ ಕೆಲಸದ ರೋಹಿಣಿ ದಾಳದ ಸದ್ದು ಅಡಗಲೆಂದು ಪರಾತದೊಳಗೆ ಮಖಮಲ್ ಹೊಲಿದು ಕೂಡಿಸಿದಳು. ಯಾರ ಸರದಿ ಯಾವಾಗ ಎಂದು ತೋರಿಸಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಮರೆಯ ಅಂಚಿಗೆ ಸಿಕ್ಕಿಸಿದರು. ಟ್ರ್ಯಾಕ್ಟರ್ ಹೊಡೆಯುವ ಪುಂಡಲೀಕ ಎರೆಮಣ್ಣಿನಲ್ಲಿ ಬೊಂಬೆ ಮಾಡಿ ಕೊಟ್ಟ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಯಷ್ಟೇ ಅವನಿಗೆ ರೂಢಿ. ಹೀಗಾಗಿ ಅವನು ಮಾಡಿದ ಡ್ರ್ಯಾಗನ್ ರೆಕ್ಕೆ ಬಂದ ಎತ್ತಿನ ಹಾಗಿತ್ತು.

ಮರೆಯೊಂದು ಮಾತ್ರ ನಿಲ್ಲುತ್ತಿರಲಿಲ್ಲ. ಆಟ ನಡೆಸುವವರ ಮುಂದೆ ಮೂರು ಮಡಿಕೆಯ ಮರೆ ಇರಬೇಕು. ಹೊರಗೆ ಆಟಗಾರರತ್ತ ಚಿತ್ರ, ಒಳಗೆ ನಡೆಸುವವರಿಗಷ್ಟೇ ಕಾಣುವ ಅಂಕಿ, ನಕ್ಷೆ. ಸೀಮಾ ಮಾಡಿಕೊಂಡಿದ್ದ ರಟ್ಟಿನ ಮರೆ ಫ್ಯಾನ್ ಗಾಳಿಗೆ ಬೀಳುತ್ತಿತ್ತು.

ದೂರು ಹೋದದ್ದು ವಾಚನಾಲಯ ಸಮಿತಿಯ ಅಧ್ಯಕ್ಷ ಶಂಭುಲಿಂಗಪ್ಪನವರಿಗೆ. ಅವರು ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ಮೇಲೆ ಹತ್ತಿ ಬಂದರು. ಮೊದಲು ಕಣ್ಣಿಗೆ ಬಿದ್ದದ್ದು ಅವರ ಸ್ವಂತ ಅಕ್ಕ, ಶಾಲೆ ಕಲಿಸಿ ನಿವೃತ್ತಿಯಾದ ನೀಲಕ್ಕ. ಕೈಯಲ್ಲಿ ದಾಳ ಹಿಡಿದಿದ್ದರು.

"ಅಕ್ಕಾ, ನೀನೂ?"

"ನಾ ಇಲ್ಲಿ ಕಳ್ಳಿ ಅದೇನಿ," ಎಂದರು ನೀಲಕ್ಕ. "ತಡಿ, ಒಂದು ಕೀಲಿ ಮುರ್ಯಾಕತ್ತೇನಿ."

"ನೀ ಏನೋ, ಪುಂಡಲೀಕ?"

"ನಾ ಸದ್ಯ ಸತ್ತ ಬಿದ್ದೇನ್ರಿ. ಇವರು ನನ್ನ ಹೊತ್ಕೊಂಡು ಹೊಂಟಾರ."

ಶಂಭುಲಿಂಗಪ್ಪನವರು ನಗಲಿಲ್ಲ. ಮರೆಯತ್ತ ಬೆರಳು ಮಾಡಿದರು. "ಸೀಮಾ, ಇದರಾಗ ರೊಕ್ಕ ಇಲ್ಲ ಅಂತಿ. ಒಪ್ಪೂಣು. ಮುಚ್ಚುಮರಿ ಇಲ್ಲದ ಆಟಕ್ಕ ಈ ಮರಿ ಯಾಕ?"

"ಮುಂದ ಏನೈತಿ ಅನ್ನೂದು ಮೊದಲ ಕಂಡ್ರ ಆಡಾಕ ಏನ ಉಳೀತೈತ್ರಿ ಕಾಕಾ?"

"ಅದನ್ನ ನಾ ಮುಂದಿನ ಬುಧವಾರ ಕುಂತ ನೋಡ್ತೀನಿ. ಏನರೆ ಮುಚ್ಚಿಟ್ಟದ್ದು ಸಿಕ್ಕಿತೋ, ಕ್ವಾಣಿ ಕೀಲಿಕೈ ನನ್ನ ಕೈಯಾಗ ಇಡಬೇಕು. ಆಮ್ಯಾಲೆ ಕಾಕಾ ಗೀಕಾ ಅನ್ನಬ್ಯಾಡ." ರಟ್ಟಿನ ಮರೆಯನ್ನು ಮಡಚಿ, ಸಮಿತಿಗೆ ತೋರಿಸಬೇಕೆಂದು ಬಗಲಲ್ಲಿ ಇಟ್ಟುಕೊಂಡು ಇಳಿದು ಹೋದರು.

ಆ ಕೋಣೆ ಹೋದರೆ ಆಟ ಹೋದಂತೆಯೇ. ಹೆಂಗಸರು ಗಂಡಸರು ಒಟ್ಟಿಗೆ ಕುಳಿತು ಒಂದು ಮಧ್ಯಾಹ್ನ ಪೂರ್ತಿ ಕೂಗಾಡಲು ಮೊರಬದಲ್ಲಿ ಬೇರೆ ಜಾಗ ಇರಲಿಲ್ಲ. ಸೀಮಾಳ ಮನೆಯಲ್ಲಿ ಮೇಜು ಹಿಡಿಸುವಷ್ಟು ನೆಲವಿರಲಿಲ್ಲ. ವಾರವಿಡೀ ಜನರನ್ನು ಹಿಂದೆ ಸರಿಸಿ ಮುಂದೆ ಸರಿಸಿ ಕೂಗುವವಳಿಗೆ, ತನ್ನ ಮಾತನ್ನು ಮುಗಿಯುವ ತನಕ ಕೇಳುವ ಮೂವರು ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಅಷ್ಟರಲ್ಲಾಗಲೇ ಅವಳು ನವಲಗುಂದದ ಮೀರಾಬಿಗೆ ಹೊಸ ಮರೆಯೊಂದನ್ನು ನೇಯಲು ಹೇಳಿದ್ದಳು. ಮೀರಾಬಿ ಜಮಖಾನ ನೇಯುವಾಕೆ. ನೂಲು ತರಲು ಸೀಮಾಳ ಬಸ್ಸಿನಲ್ಲೇ ಓಡಾಡುತ್ತಿದ್ದರು. ಒಂದು ದಿನ ಟಿಕೆಟ್ ಹರಿಯುತ್ತ ಸೀಮಾ, "ಮೀರಾಬಿ, ನನಗೊಂದು ಮರಿ ಬೇಕಾಗೇತ್ರಿ," ಎಂದಳು. ಹಿಂದಿನ ಸೀಟಿನಲ್ಲಿದ್ದ ಕುರಿಗಾರ ಹೊಳೆಯಪ್ಪ ತಟ್ಟನೆ ಎದ್ದು ಕುಳಿತ.

"ಗಂಡೋ, ಹೆಣ್ಣೋ?"

"ಯಣ್ಣಾ, ಕುರಿಮರಿ ಅಲ್ಲ. ಮುಂದ ಇಟ್ಕೊಂಡು ಮರಿ ಮಾಡೂ ಮರಿ."

"ಹಂಗಂದ್ರ ತಡಿಕಿ ಅನ್ನು. ಸುಮ್ನ ಆಸಿ ಹಚ್ಚಿದಿ," ಎಂದು ಹೊಳೆಯಪ್ಪ ಮತ್ತೆ ಒರಗಿದ. ಇಡೀ ಬಸ್ಸು ನಕ್ಕಿತು.

ಮರುದಿನ ಸೀಮಾ ಒಂದು ಹಾಳೆ ಕೊಟ್ಟಳು. ಒಂದು ಮಗ್ಗುಲಿಗೆ ನವಿಲುಗಳು. ಇದು ಹೊರಮೈಗೆ. ಇನ್ನೊಂದು ಮಗ್ಗುಲಿಗೆ ಕಥೆಯ ಕೋಟೆಯ ನಕ್ಷೆ, ಚೌಕ ಚೌಕವಾಗಿ: ಕೆಳಗೆ ಅಗಸಿ ಬಾಗಿಲು, ಅಗಸಿ ದಾಟಿದ ಮೇಲೆ ಕವಲೊಡೆದ ದಾರಿ, ಒಂದು ಕಡೆ ಸೆರೆಮನೆಯ ಕೆಂಪು ಬಾಗಿಲು, ಇನ್ನೊಂದು ಕಡೆ ಪಾಳುಬಾವಿಯ ಕರಿ ಚೌಕ, ಮೂಡಣದ ಅಂಚಿಗೆ ಒಂದು ಹಳದಿ ಸೂರ್ಯ. ಇದು ಒಳಮೈಗೆ. ಅಂಕಿಗಳೆಲ್ಲ ಬಾಯಿಪಾಠವಾಗಿದ್ದರಿಂದ ಅವನ್ನು ಬಿಟ್ಟಿದ್ದಳು. ಹೊರಮೈ, ಒಳಮೈ ಎಂದು ಎಲ್ಲೂ ಬರೆದಿರಲಿಲ್ಲ. ಹಾಳೆ ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದಳು.

ಜಮಖಾನಕ್ಕೆ ಹೊರಮೈ, ಒಳಮೈ ಇಲ್ಲ. ಯಾವ ಮಗ್ಗುಲು ಮೇಲೆ ಮಾಡಿ ಹಾಸಿದರೂ ಅದೇ ನವಿಲು, ಅದೇ ಪಗಡೆಯಾಟದ ಮನೆ. ಮಂಗಳವಾರ ಸಂಜೆ ಮರೆ ಕೈಗೆ ಬಂದಾಗ ಸೀಮಾ ಅದನ್ನು ಬಿಚ್ಚಿ ನೋಡಿದಳು, ತಿರುಗಿಸಿ ನೋಡಿದಳು. ಸುತ್ತ ನವಿಲು, ನಡುವೆ ಕೋಟೆ. ಆ ಕಡೆಯೂ ಕೋಟೆ, ಈ ಕಡೆಯೂ ಕೋಟೆ.

"ಹಾಳಿಗೆ ಎರಡೂ ಬಾಜೂ ಬರದಿದ್ದಿ," ಎಂದರು ಮೀರಾಬಿ. "ಎರಡನ್ನೂ ಒಂದರಾಗ ಕುಂದ್ರಿಸೇನಿ. ಈಗ ಎರಡೂ ಬಾಜೂ ಕಾಣತೈತಿ. ಯಾಕ ಬೇಟಿ, ಬಣ್ಣ ಬರೋಬರಿ ಇಲ್ಲೇನು?"

ಬಣ್ಣ ಬರೋಬರಿಯೇ ಇತ್ತು. ಇಷ್ಟು ಚೆಂದದ ಕೋಟೆಯನ್ನು ಸೀಮಾ ಹಾಳೆಯ ಮೇಲೆ ಬರೆದಿರಲಿಲ್ಲ. "ಅಗದಿ ಚಲೋ ಆಗೇತ್ರಿ," ಎಂದಳು. ಅದು ಸುಳ್ಳಾಗಿರಲಿಲ್ಲ. ಮುಚ್ಚಬೇಕಾದ ಕೋಟೆಯನ್ನು ಎಲ್ಲರಿಗೂ ತೋರಿಸುವ ಮರೆ ಅದು ಎಂಬ ಮಾತನ್ನು ಮಾತ್ರ ನುಂಗಿಕೊಂಡಳು.

ಬುಧವಾರ ಎಲ್ಲರಿಗಿಂತ ಮೊದಲು ಬಂದು, ಬಡಿಗೇರ ಮಂಜಪ್ಪ ಮಾಡಿಕೊಟ್ಟಿದ್ದ ಮೂರು ಕಟ್ಟಿಗೆ ಚೌಕಟ್ಟುಗಳಿಗೆ ಜಮಖಾನವನ್ನು ಬಿಗಿದಳು. ಮೇಜಿನ ಮೇಲೆ ನಿಲ್ಲಿಸಿದಳು. ಮೊದಲ ಸಲ ಮರೆ ಅಲುಗದೆ ನಿಂತಿತು. ಆಟಗಾರರ ಕುರ್ಚಿಗೆ ಹೋಗಿ ಕುಳಿತಳು. ಎಲ್ಲ ಕಾಣುತ್ತಿತ್ತು. ಅಗಸಿ, ಕವಲು, ಕೆಂಪು ಬಾಗಿಲು, ಬಾವಿ.

ಸೂರ್ಯ ತಪ್ಪು ಕಡೆ ಇದ್ದ.

ಅವಳ ಕುರ್ಚಿಯಿಂದ ಬಲಕ್ಕೆ ಕಾಣುತ್ತಿದ್ದ ಸೂರ್ಯ ಇಲ್ಲಿಂದ ಎಡಕ್ಕಿದ್ದ. ಕೆಂಪು ಬಾಗಿಲೂ ಎಡಕ್ಕೆ ಬಂದಿತ್ತು, ಬಾವಿ ಬಲಕ್ಕೆ ಹೋಗಿತ್ತು. ಜಮಖಾನದ ಎರಡೂ ಮೈ ಒಂದೇ, ನಿಜ. ಆದರೆ ಒಂದು ಮೈಯ ಎಡ ಇನ್ನೊಂದರ ಬಲ. ಹೂವಿಗೂ ನವಿಲಿಗೂ ಅದರಿಂದ ಏನೂ ಆಗುವುದಿಲ್ಲ. ನಕ್ಷೆಗೆ ಆಗುತ್ತದೆ.

ಅವಳ ಮುಂದೆ ದಾರಿಗಳು ಇದ್ದವು. ಆಟಗಾರರ ಕಡೆ ಹಳೆಯ ಪತ್ರಿಕೆ ಅಂಟಿಸಬಹುದಿತ್ತು. ಹಾಗೆ ಮಾಡಿದರೆ ಮುಚ್ಚಿಟ್ಟಂತಾಗಿ ಕೀಲಿಕೈ ಹೋಗುತ್ತಿತ್ತು. ಎಡ ಬಲ ಅದಲು ಬದಲಾಗಿದೆ ಎಂದು ಮೊದಲೇ ಹೇಳಬಹುದಿತ್ತು. ಹೇಳಿದರೆ ನೆಟ್ಟಗೆ ಬಾಗಿಲಿಗೆ ಹೋಗಿ ಆಟ ಮುಗಿಸುತ್ತಿದ್ದರು, ಇಷ್ಟಕ್ಕೆ ಇಷ್ಟು ಗದ್ದಲವೇ ಎಂದು ಶಂಭುಲಿಂಗಪ್ಪನವರು ಎದ್ದು ಹೋಗುತ್ತಿದ್ದರು. ಸೀಮಾ ಇನ್ನೊಂದನ್ನು ಆರಿಸಿಕೊಂಡಳು. ಏನನ್ನೂ ಮುಚ್ಚುವುದಿಲ್ಲ. ಸೂರ್ಯ ಯಾವ ಕಡೆ ಇದ್ದಾನೆಂದು ಕೋಟೆ ಹೊಕ್ಕ ತಕ್ಷಣ ಬಾಯಿ ಬಿಟ್ಟು ಹೇಳುತ್ತೇನೆ. ಕೇಳಿದವರಿಗೆ ಸಿಗುತ್ತದೆ. ಕೇಳದಿದ್ದರೆ ಬಾವಿಗೆ ಬೀಳುತ್ತಾರೆ, ನಾನು ಮೋಸಗಾರ್ತಿ ಅನ್ನಿಸಿಕೊಳ್ಳುತ್ತೇನೆ.

ಶಂಭುಲಿಂಗಪ್ಪನವರು ಬಂದು ಗೋಡೆಗೆ ಒರಗಿ ನಿಂತರು.

"ನಿಂತು ನೋಡಿದ್ರ ಏನ ತಿಳೀತೈತಿ? ಕುಂದ್ರು," ಎಂದರು ನೀಲಕ್ಕ. "ಸೀಮಾ, ಇವಂಗೊಂದು ಪಾತ್ರ ಕೊಡು. ಸಣ್ಣಾಂವ ಇದ್ದಾಗಿಂದ ಬ್ಯಾರೇದವರ ಆಟಕ್ಕ ತೀರ್ಪು ಕೊಟ್ಟ ರೂಢಿ. ಒಂದರೆ ಆಡಲಿ."

"ಹಳೆ ಕಾವಲುಗಾರ ಆಗ್ರಿ ಕಾಕಾ. ಕೈಯಾಗ ಭರ್ಚಿ ಐತಿ. ಹೆಸರೇನ ಇಡೂಣ್ರಿ?"

"ಶಂಭುಲಿಂಗಪ್ಪ."

"ಪಾತ್ರದ ಹೆಸರ್ರಿ."

"ಅದಕ್ಕೂ ಅದ ಇರ್ಲಿ. ಹೆದರಿ ಹೆಸರು ಬದಲಿಸಾಂವ ಅಲ್ಲ ನಾ."

ರೋಹಿಣಿ ಅವರ ಹೆಸರಿನದೊಂದು ಚೀಟಿ ಬರೆದು ಕ್ಲಿಪ್ಪಿಗೆ ಹಚ್ಚಿ ಮರೆಯ ಅಂಚಿಗೆ ಸಿಕ್ಕಿಸಿದಳು. ಹೊಸ ಕಥೆಯ ಆಟ ಶುರುವಾಯಿತು. ಕೋಟೆಯ ದೊರೆ ಒಂದು ಊರಿನ ಮಂದಿಯನ್ನೆಲ್ಲ ಸೆರೆಯಲ್ಲಿಟ್ಟಿದ್ದಾನೆ, ಅವರನ್ನು ಬಿಡಿಸಿ ತರಬೇಕು.

"ಈಗಷ್ಟ ಬೆಳಕು ಹರದೈತಿ," ಎಂದಳು ಸೀಮಾ. ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿ ಅದು. "ತೆಂಕಲ ಅಗಸಿ ದಾಟಿ ಒಳಗ ಬಂದೀರಿ. ಎಳಿ ಬಿಸಲು ನಿಮ್ಮ ಬಲ ಹೆಗಲಿಗೆ ಬೀಳಾಕತ್ತೈತಿ. ಮುಂದ ದಾರಿ ಕವಲಾಗೇತಿ. ಒಂದು ಎಡಕ, ಒಂದು ಬಲಕ. ಯಾ ಕಡೆ?"

ಪುಂಡಲೀಕ ಜಮಖಾನದತ್ತ ಬಗ್ಗಿದ. "ಏ, ಇಲ್ಲಿ ನಕ್ಷಾನ ಐತಲ್ಲಬೇ! ಕಂಡಕ್ಟರ್, ಇದು ನಮಗ ಕಾಣಬಾರದಿತ್ತೇನು?"

"ಕಾಣತೈತಿ. ನೋಡ್ರಿ."

"ನೋಡಿದ್ರೇನ್ರಿ, ಅಧ್ಯಕ್ಷರ? ಮುಚ್ಚಿದ್ದ ಏನೂ ಇಲ್ಲ," ಎಂದಳು ರೋಹಿಣಿ. "ಕೆಂಪು ಬಾಗಲಾ ಎಡಕೈತಿ. ಎಡಕ ಹೋಗೂಣು."

"ಎಡಕ," ಎಂದರು ಶಂಭುಲಿಂಗಪ್ಪನವರು, ಇದೇನು ದೊಡ್ಡ ಮಾತು ಎಂಬಂತೆ. "ನಾ ಮುಂದ ಹೊಂಟೆ."

ಸೀಮಾ ತನ್ನ ಕಡೆಯ ಕೋಟೆಯತ್ತ ಒಮ್ಮೆ ನೋಡಿದಳು. "ಎಡಕ ನಾಕು ಹೆಜ್ಜಿ ಇಟ್ರಿ. ಕಾಲ ಕೆಳಗ ಹಲಗಿ ಮುರೀತು. ಎಲ್ಲಾರೂ ಪಾಳು ಬಾವ್ಯಾಗ ಬಿದ್ರಿ. ಕಾಕಾ, ನಿಮ್ಮ ಕಾಲು ಉಳುಕೈತಿ."

ಶಂಭುಲಿಂಗಪ್ಪನವರ ಮುಖ ಕೆಂಪಾಯಿತು. ಎದ್ದು ನಿಂತರು.

"ಮೋಸ! ಎಡಕ ಬಾಗಲಾ ಐತಿ ಅಂತ ಜಮಖಾನ ಹೇಳತೈತಿ. ನೀ ಬಾವಿ ಅಂತಿ. ಅದಕ್ಕ ಕೇಳಿದ್ದು ನಾ, ಈ ಮರಿ ಯಾಕ ಅಂತ. ತಾ ಇಲ್ಲೆ ಕೀಲಿಕೈ."

ಸೀಮಾ ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟಳು.

"ಮೋಸ ಆಗಿದ್ರ ಒಯ್ರಿ ಕಾಕಾ. ಜಮಖಾನ ಏನ ಹೇಳತೈತಿ ಅನ್ನೂದು ನೋಡಿದ್ರಿ. ಅಗಸಿ ದಾಟೂಮುಂದ ನಾ ಏನ ಹೇಳ್ದೆ, ಅದನ್ನಷ್ಟು ನೆನಪ ಮಾಡ್ರಿ. ಎರಡೂ ಕೂಡಿಸಿ ನೋಡ್ರಿ. ಆಮ್ಯಾಲೂ ಮೋಸ ಅನಿಸಿದ್ರ ನಾ ಮಾತಾಡಂಗಿಲ್ಲ."

"ಏನ ಹೇಳಿದ್ದಿ? ಬೆಳಕು ಹರದೈತಿ ಅಂದಿ. ತೆಂಕಲ ಅಗಸಿ ಅಂದಿ." ಕೀಲಿಕೈಗೆ ಚಾಚಿದ ಕೈ ಅಲ್ಲೇ ನಿಂತಿತು. "ಬಿಸಲು ಬಲ ಹೆಗಲಿಗೆ ಅಂದಿ."

"ಅಂದೆ."

ಶಂಭುಲಿಂಗಪ್ಪನವರು ಹೊಲದವರು. ದಿಕ್ಕು ಹೇಳಿದರೆ ಮೈ ತಿರುಗಿಸಿ ನೋಡಿದ ಹೊರತು ಅವರಿಗೆ ಸಮಾಧಾನವಿಲ್ಲ. ತೆಂಕಲ ಅಗಸಿಯಿಂದ ಒಳಗೆ ಬಂದವರಂತೆ ಆ ಕೋಣೆಯಲ್ಲೇ ಬಡಗಣಕ್ಕೆ ಮುಖ ಮಾಡಿ ನಿಂತರು. ಬಲಗೈ ಚಾಚಿದರು. "ಇದು ಮೂಡಲ. ಬರೋಬರಿ." ಆ ಕೈಯನ್ನು ಹಾಗೇ ಹಿಡಿದುಕೊಂಡು ಕತ್ತು ಮಾತ್ರ ಜಮಖಾನದತ್ತ ತಿರುಗಿಸಿದರು.

"ಮತ್ತ ಸೂರ್ಯಾ ಎಡಕ ಯಾಕ ಅದಾನ?"

ಪುಂಡಲೀಕ ಏನೋ ಹೇಳಹೋದ. ನೀಲಕ್ಕ ಅವನ ಮೊಣಕೈ ಹಿಡಿದು ಸುಮ್ಮನಾಗಿಸಿದರು.

ಶಂಭುಲಿಂಗಪ್ಪನವರು ಮೇಜಿನ ಹತ್ತಿರ ಬಂದರು. ಜಮಖಾನದ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ಅಂಥವನ್ನು ಮನೆಯ ಮದುವೆಗಳಲ್ಲಿ ಅವರು ಎಷ್ಟೋ ಸಲ ಹಾಸಿದ್ದರು, ಕೊಡವಿದ್ದರು, ತಿರುವಿ ಹಾಕಿದ್ದರು.

"ಇದು ಎರಡೂ ಬಾಜೂದ್ದು," ಎಂದರು ನಿಧಾನವಾಗಿ. "ಆಕಿ ನೋಡಾಕತ್ತಿದ್ದು ಆ ಮೈ. ನಾವು ನೋಡಾಕತ್ತಿದ್ದು..." ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಬಂದ ಕೂಗು ಕೆಳಗಿನ ಪತ್ರಿಕೆ ಓದುವವರಿಗೂ ಕೇಳಿಸಿತು. "ಬೆನ್ನು! ಅಕ್ಕಾ, ನಾವು ಬೆನ್ನು ನೋಡಾಕತ್ತೇವಿ! ಎಡಾ ಬಲಾ ಆಗೇತಿ! ಬಾಗಲಾ ಬಲಕೈತಿ! ಮ್ಯಾಲೆ ಹತ್ತರಿ, ಹತ್ತರಿ ಮೊದಲ!"

"ಬಾವ್ಯಾಗಿಂದ ಹತ್ತಾಕ ದಾಳ ಒಗೀಬೇಕ್ರಿ ಕಾಕಾ."

"ಒಗಿ ಅಂದ್ರ ಒಗೀತೀನಿ. ತಾ ಇಲ್ಲೆ!"

ಮೊದಲ ಸಲ ಮೂರು ಬಿತ್ತು. ಅವರು ಮತ್ತೆ ಜಾರಿ ಬಿದ್ದರು. ನೀಲಕ್ಕ ತಾವು ಮೇಲೆ ಹತ್ತಿಕೊಂಡು ಹಗ್ಗ ಇಳಿಬಿಟ್ಟರು. "ಹಿಡ್ಕೋ ತಮ್ಮಾ. ಸಣ್ಣಾಂವ ಇದ್ದಾಗ ಜ್ವಾಳದ ಹಗೇದಾಗ ಬಿದ್ದಾಗೂ ನಾನ ಎತ್ತಿದ್ದೆ." ಮಗ್ಗುಲಲ್ಲಿ ಮಂದಿ ಇದ್ದಾರೆಂಬುದನ್ನೂ ಮರೆತು ಅಧ್ಯಕ್ಷರು ಎರಡೂ ಕೈಯಲ್ಲಿ ಇಲ್ಲದ ಹಗ್ಗ ಹಿಡಿದರು.

ಬಲಕ್ಕೆ ಹೋದರು. ಕೆಂಪು ಬಾಗಿಲಿನ ಮುಂದೆ ಪುಂಡಲೀಕನ ಡ್ರ್ಯಾಗನ್ ಮಲಗಿತ್ತು. ಸೀಮಾ ಅದನ್ನು ಮೇಜಿನ ಮೇಲೆ ಇಟ್ಟಾಗ ಯಾರೂ ಎತ್ತು ಎನ್ನಲಿಲ್ಲ. ಅದರ ಬಾಲ ದಾಟಿ ನೀಲಕ್ಕ ಬಾಗಿಲಿನ ಕೀಲಿ ಮುರಿಯಬೇಕು. ರೋಹಿಣಿ ಮಂತ್ರ ಹಾಕಿ ಹೆಜ್ಜೆಯ ಸದ್ದು ಅಡಗಿಸಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಕೂಗು ಕೇಳಿ ಜನ ಬಂದಿದ್ದರು. ಎಲ್ಲರಿಗಿಂತ ಮುಂದೆ ಹನಮಪ್ಪ.

"ಸಿಕ್ಕಿಬಿದ್ರೇನ್ರಿ ಅಧ್ಯಕ್ಷರ? ನಾ ಹೇಳಿದ್ದಿಲ್ಲೇನು, ಇಲ್ಲಿ—"

"ಬಾಯಿ ಮುಚ್ಚಲೇ ಹನಮಪ್ಪ!" ಶಂಭುಲಿಂಗಪ್ಪನವರು ತಿರುಗಿ ನೋಡದೆ ಪಿಸುದನಿಯಲ್ಲಿ ಗದರಿದರು. "ಡ್ರ್ಯಾಗನ್ ಮಲಗೇತಿ."

ಹನಮಪ್ಪ ಬಾಯಿ ಮುಚ್ಚಿದ. ಏನು ಮಲಗಿದೆ, ಎಲ್ಲಿ ಮಲಗಿದೆ ಎಂದು ಅವನಿಗೆ ತಿಳಿಯಲಿಲ್ಲ. ಆದರೆ ಆ ಪಿಸುದನಿಗೆ ಅವನೂ ತುದಿಗಾಲಲ್ಲಿ ನಿಂತ. ಹಿಂದಿದ್ದವರೂ ನಿಂತರು.

ಕೀಲಿ ಮುರಿಯಿತು. ಬಾಗಿಲು ಕಿರುಗುಟ್ಟಿತು. ಡ್ರ್ಯಾಗನ್ ಎದ್ದಿತು.

"ಈಗ ಒಂದ ದಾರಿ ಐತಿ," ಎಂದಳು ಸೀಮಾ. "ಬೆಂಕಿ ಉಗುಳೂ ಮೊದಲ ಯಾರರೆ ಅದರ ಗಂಟಲಕ್ಕ ಭರ್ಚಿ ಹೊಡೀಬೇಕು. ಭರ್ಚಿ ಇರೂದು ಕಾಕಾರ ಕೈಯಾಗ. ಹದಿನೈದು, ಇಲ್ಲಾ ಅದರ ಮ್ಯಾಲೆ ಬೀಳಬೇಕು. ಕಮ್ಮಿ ಬಿದ್ರ ಒಳಗಿನ ಮಂದಿ ಯಾರೂ ಹೊರಗ ಬರಂಗಿಲ್ಲ."

"ನಿನ್ನ ಮರಿ ಹಿಂದ ಒಗೀಲೋ?"

"ಬ್ಯಾಡ್ರಿ. ಎಲ್ಲಾರ ಮುಂದ, ಪರಾತದಾಗ."

ಶಂಭುಲಿಂಗಪ್ಪನವರು ದಾಳವನ್ನು ಅಂಗೈಯಲ್ಲಿ ಉರುಳಿಸಿದರು. ತುಟಿ ಅಲುಗಿತು. ದೇವರ ಹೆಸರೋ, ಬೈಗುಳವೋ ಯಾರಿಗೂ ಕೇಳಲಿಲ್ಲ. ಒಗೆದರು. ದಾಳ ಮಖಮಲ್ಲಿನ ಮೇಲೆ ಹೊರಳಿ, ಪರಾತದ ಅಂಚಿಗೆ ಬಡಿದು, ತಿರುಗಿ ಬಂದು ನಿಂತಿತು. ಓದಿದ್ದು ಹನಮಪ್ಪ, ಎಲ್ಲರ ಹೆಗಲ ಮೇಲಿಂದ ಬಗ್ಗಿ.

"ಹದಿನೇಳು!"

ಕೋಣೆ ಒಮ್ಮೆಲೇ ಕೂಗಿತು. ರೋಹಿಣಿ ನೀಲಕ್ಕನನ್ನು ಅಪ್ಪಿಕೊಂಡಳು. ಪುಂಡಲೀಕ ತಾನೇ ಮಾಡಿದ ಡ್ರ್ಯಾಗನ್ನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ ಒಡೆದ. ಮೆಟ್ಟಿಲ ಮೇಲಿದ್ದವರು ಯಾತಕ್ಕೆಂದು ತಿಳಿಯದಿದ್ದರೂ ಚಪ್ಪಾಳೆ ಹೊಡೆದರು. ಸೀಮಾ ಗದ್ದಲ ಇಳಿಯುವವರೆಗೆ ಕಾದಳು. ಆಮೇಲೆ ಸೆರೆಯಲ್ಲಿದ್ದ ಮಂದಿ ಒಬ್ಬೊಬ್ಬರೇ ಹೊರಗೆ ಬಂದದ್ದನ್ನು ಹೇಳಿದಳು: ಮೊದಲು ಕೂಸು ಎತ್ತಿಕೊಂಡ ಹೆಂಗಸರು, ಆಮೇಲೆ ಮುದುಕರು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು, ಶಂಭುಲಿಂಗಪ್ಪನೆಂಬ ಕಾವಲುಗಾರನ ಕೈ ಹಿಡಿದು. ಅಧ್ಯಕ್ಷರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು.

"ಹಂಗಾದ್ರ ಇದು ಜೂಜು ಅಲ್ಲೇನ್ರಿ?" ಎಂದು ಹನಮಪ್ಪ ಕೇಳಿದ.

"ನಾ ಬಾವಿಗೆ ಬಿದ್ದ ಕಾಲು ಮುರಕೊಂಡು ಒಂದು ಊರು ಬಿಡಿಸಿ ತಂದೇನಿ. ಇವಂಗ ಜೂಜು ಬಡದೈತಿ," ಎಂದರು ಶಂಭುಲಿಂಗಪ್ಪನವರು. ಕಾಲು ಉಳುಕಿತ್ತಷ್ಟೆ, ಮುರಿದಿರಲಿಲ್ಲ. ಸೀಮಾ ತಿದ್ದಲಿಲ್ಲ. ಅವರು ಮೇಜಿನ ಮೇಲಿದ್ದ ಕೀಲಿಕೈಯನ್ನು ಅವಳ ಕಡೆ ಸರಿಸಿದರು. "ಸಮಿತಿಗೆ ನಾ ಹೇಳ್ತೀನಿ. ಕ್ವಾಣಿ ಬುಧವಾರ ನಿಮ್ಮದು."

ಎಲ್ಲರೂ ಇಳಿದು ಹೋದ ಮೇಲೂ ಅವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದರು.

"ಸೀಮಾ, ಆ ಬಾವಿ. ನಾ ಎರಡನೇ ಸಲ ಜಾರಿ ಬಿದ್ದಾಗ ತಳದಾಗ ಏನೋ ಹೊಳೀತು. ಮುಂದಿನ ಬುಧವಾರ ಮೊದಲ ಅಲ್ಲಿ ಇಳಿದು ನೋಡೂಣು."

ಬಾವಿಯಲ್ಲಿ ಹೊಳೆಯುವಂಥದ್ದು ಇದೆ ಎಂದು ಸೀಮಾ ಹೇಳಿರಲಿಲ್ಲ. ಅಂಥದ್ದನ್ನು ಅವಳು ಅಲ್ಲಿ ಇಟ್ಟೂ ಇರಲಿಲ್ಲ.

"ನಿಮ್ಮ ಕಣ್ಣು ಭಾಳ ಚುರುಕ ಅದಾವ್ರಿ ಕಾಕಾ," ಎಂದಳು. "ಬರೂಮುಂದ ಕಂದೀಲ ತರ್ರಿ."